ನೆರೆಯಲ್ಲಿ ಮುಳುಗಿದ ಗಾಡಿಗಳು, ನೆರೆಯವರಿಂದ ಬಂದ ಗಾಡಿಗಳು

ಮದುವೆಯ ಮನೆಯಲ್ಲಿ ಅಡುಗೆಗೆಂದು ತೆಗೆದಿಟ್ಟ ಕೊಪ್ಪರಿಗೆಯು ಮುಹೂರ್ತದ ಹಿಂದಿನ ದಿನ ಸೋರತೊಡಗಿದರೆ ಗೃಹಸ್ಥನು ಏನು ಮಾಡುತ್ತಾನೆ? ನೆರೆಮನೆಗೆ ಆಳನ್ನು ಕಳುಹಿಸುತ್ತಾನೆ. ಅಲ್ಲಿ ಇಲ್ಲವಾದರೆ ಬೀದಿಯ ಕೊನೆಯ ಮನೆಗೆ. ಅಲ್ಲಿಯೂ ಇಲ್ಲವಾದರೆ ದೇವಸ್ಥಾನದ ಉಗ್ರಾಣಕ್ಕೆ. ಎಲ್ಲಿಂದ ಬಂದರೂ ಕೊಪ್ಪರಿಗೆ ಕೊಪ್ಪರಿಗೆಯೇ. ಯಾರ ಮನೆಯದಾದರೂ ನಮ್ಮ ಒಲೆಯ ಮೇಲೆ ಕೂರುತ್ತದೆ, ಅನ್ನವು ಬೇಯುತ್ತದೆ, ಬಂದ ನೆಂಟರು ಉಂಡು ಹರಸಿ ಹೋಗುತ್ತಾರೆ.

ಆದರೆ ದಿನಕ್ಕೆ ಸಾವಿರಾರು ಮಂದಿಯನ್ನು ಊರಿಂದೂರಿಗೆ ಸಾಗಿಸುವ ರೈಲ್ವೆ ಕಂಪೆನಿಯೊಂದರ ಗಾಡಿಗಳೇ ಒಂದು ರಾತ್ರಿಯಲ್ಲಿ ಕೆಟ್ಟುಹೋದರೆ? ಅದು ಯಾರ ಮನೆಯ ಬಾಗಿಲನ್ನು ತಟ್ಟಬೇಕು? ಹಳಿಗಳೆಲ್ಲ ಒಂದೇ ತೆರನಾಗಿ ಕಾಣುವುದರಿಂದ, ಒಂದು ಕಡೆಯ ಗಾಡಿಯನ್ನು ತಂದು ಇನ್ನೊಂದು ಕಡೆ ಓಡಿಸುವುದು ಏನು ಮಹಾ ಕಷ್ಟ ಎಂದು ನಮಗೆ ನಿಮಗೆ ತೋರುವುದು ಸಹಜ. ಅದು ಎಷ್ಟು ಕಷ್ಟವೆಂಬುದನ್ನೂ, ಕಷ್ಟವಾದರೂ ಹೇಗೆ ಸಾಧ್ಯವಾಯಿತೆಂಬುದನ್ನೂ 2019ನೆಯ ಇಸವಿಯಲ್ಲಿ ಜಪಾನ್ ದೇಶದಲ್ಲಿ ನಡೆದ ಒಂದು ಸಂಗತಿಯು ಚೆನ್ನಾಗಿ ತಿಳಿಸುತ್ತದೆ. ಅದನ್ನು ನಮ್ಮ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಪರ್ವತಗಳನ್ನು ದಾಟಿದ ಹಾದಿ

ಜಪಾನಿನ ರಾಜಧಾನಿಯಾದ ಟೋಕಿಯೋ ನಗರವು ಪೂರ್ವದ ಕರಾವಳಿಯಲ್ಲಿದೆ. ಕನಾಜಾವಾ ಎಂಬ ಹಳೆಯ ಪಟ್ಟಣವು ಪಶ್ಚಿಮದ ಕಡಲಿನ ಕಡೆಗಿದೆ. ನಡುವೆ ದೇಶದ ಬೆನ್ನೆಲುಬಿನಂತೆ ಎತ್ತರವಾದ ಬೆಟ್ಟಗಳು. ಅವುಗಳ ಆಚೆಗೆ ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಸೀಮೆ. ಈ ಎರಡು ಊರುಗಳನ್ನು ಶೀಘ್ರಗಾಮಿ ಗಾಡಿಗಳಿಂದ ಜೋಡಿಸುವ ಕೆಲಸವು ಬಹುಕಾಲ ಹಿಡಿಯಿತು. 1997ನೆಯ ಅಕ್ಟೋಬರ್ 1ರಂದು, ಮರುವರ್ಷದ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಿಗೆ ಮೊದಲೇ, ಹಾದಿಯು ನಾಗಾನೊ ನಗರದವರೆಗೆ ತೆರೆಯಿತು. 2015ನೆಯ ಮಾರ್ಚ್ 14ರಂದು ಅದು ಕನಾಜಾವಾ ಮುಟ್ಟಿತು. ಇದನ್ನೇ ಹೊಕುರಿಕು ಶಿಂಕನ್ಸೆನ್ ಎಂದು ಕರೆಯುತ್ತಾರೆ. 450 ಕಿಲೋಮೀಟರ್ ದೂರವನ್ನು ಅತಿ ವೇಗದ ಗಾಡಿಯು ಎರಡೂವರೆ ಗಂಟೆಗೂ ಸ್ವಲ್ಪ ಕಡಿಮೆ ವೇಳೆಯಲ್ಲಿ ಕ್ರಮಿಸತೊಡಗಿತು. ಬೆಳಗ್ಗೆ ಹೊರಟ ವ್ಯಾಪಾರಿಯು ರಾಜಧಾನಿಯ ಕೆಲಸ ಮುಗಿಸಿ ರಾತ್ರಿ ಮನೆಯಲ್ಲಿ ಊಟ ಮಾಡುವಂತಾಯಿತು.

ಈ ಹಾದಿಯನ್ನು ಎರಡು ಕಂಪೆನಿಗಳು ನಡೆಸುತ್ತವೆ. ಪೂರ್ವಭಾಗವು ಪೂರ್ವ ಜಪಾನ್ ರೈಲ್ವೆಯದು. ಪಶ್ಚಿಮಭಾಗವು ಪಶ್ಚಿಮ ಜಪಾನ್ ರೈಲ್ವೆಯದು. ಇಬ್ಬರೂ ಕೂಡಿ ಒಂದೇ ಮಾದರಿಯ ಗಾಡಿಯನ್ನು ಮಾಡಿಸಿದರು. ಪೂರ್ವದವರು ಅದನ್ನು ಇ-7 ಎಂದೂ, ಪಶ್ಚಿಮದವರು ಡಬ್ಲ್ಯು-7 ಎಂದೂ ಹೆಸರಿಸಿದರು. ಹೆಸರು ಎರಡಾದರೂ ವಸ್ತು ಒಂದೇ. ಬಿಳಿಯ ಮೈ, ಆಕಾಶನೀಲಿಯ ನೆತ್ತಿ, ನಡುವೆ ತಾಮ್ರವರ್ಣದ ಪಟ್ಟೆ. ಒಂದೊಂದು ಗಾಡಿಗೆ 12 ಡಬ್ಬಿಗಳು. ಮೊದಲು ಮಾಡಿದಾಗ ಒಂದೊಂದರಲ್ಲಿಯೂ 934 ಮಂದಿಗೆ ಆಸನ. 2019ರಲ್ಲಿ ಈ ಹಾದಿಗೆ ಇಂತಹ ಗಾಡಿಗಳು ಒಟ್ಟು 30 ಇದ್ದುವು.

ಅಕ್ಟೋಬರಿನ ಆ ರಾತ್ರಿ

2019ನೆಯ ಅಕ್ಟೋಬರ್ 12ರ ಸಂಜೆ ಹಗಿಬಿಸ್ ಎಂಬ ಚಂಡಮಾರುತವು ಜಪಾನಿನ ನೆಲವನ್ನು ತಾಕಿತು. ಅದು ಬರುವುದು ಮೊದಲೇ ತಿಳಿದಿತ್ತು. ಪ್ರಯಾಣಿಕರಿಗೆ ಅಪಾಯವಾಗಬಾರದೆಂದು ರೈಲ್ವೆಯವರು ಮುಂಚಿತವಾಗಿಯೇ ಸಾರಿ, ಗಾಡಿಗಳನ್ನು ನಿಲ್ಲಿಸಿದ್ದರು. ಓಡಾಟವಿಲ್ಲದ ಗಾಡಿಗಳು ತಮ್ಮ ತಮ್ಮ ಡಿಪೋಗಳನ್ನು ಸೇರಿದುವು. ಹಾಗೆ ನಾಗಾನೊ ನಗರದ ಈಶಾನ್ಯಕ್ಕೆ ಹೊಲತೋಟಗಳ ನಡುವೆ ಇರುವ ಡಿಪೋದಲ್ಲಿ ಹತ್ತು ಗಾಡಿಗಳು ತಂಗಿದ್ದುವು. ಅವುಗಳಲ್ಲಿ ಎಂಟು ಪೂರ್ವದವರವು, ಎರಡು ಪಶ್ಚಿಮದವರವು.

ಆ ಡಿಪೋದ ಬಳಿಯಲ್ಲಿ ಚಿಕುಮಾ ಎಂಬ ನದಿಯು ಹರಿಯುತ್ತದೆ. ಜಪಾನಿನಲ್ಲಿ ಎಲ್ಲಕ್ಕಿಂತ ಉದ್ದವಾದ ಶಿನಾನೊ ನದಿಗೆ ಆ ಪ್ರಾಂತದಲ್ಲಿರುವ ಹೆಸರೇ ಚಿಕುಮಾ. ಮೇಲಣ ಬೆಟ್ಟಗಳಲ್ಲಿ ಸುರಿದ ಮಳೆಯೆಲ್ಲ ಅದರಲ್ಲಿ ಕೂಡಿತು. 13ನೆಯ ತಾರೀಖು ಬೆಳಗಾಗುವುದಕ್ಕೆ ಮೊದಲೇ ನದಿಯ ಏರಿಯು ಒಡೆಯಿತು. ಬೆಳಕು ಹರಿದಾಗ ವಿಮಾನದಿಂದ ತೆಗೆದ ಚಿತ್ರಗಳನ್ನು ಕಂಡ ಜನರು ಬೆರಗಾದರು. ಸಾಲಾಗಿ ನಿಂತ ಬಿಳಿಯ ಗಾಡಿಗಳು ಕಿಟಕಿಗಳ ಮಟ್ಟದವರೆಗೆ ಕೆಂಪು ಕೆಸರುನೀರಿನಲ್ಲಿ ಮುಳುಗಿದ್ದುವು. ಸುತ್ತಲ ಹಳ್ಳಿಗಳ ಮನೆಗಳೂ ಸೇಬಿನ ತೋಟಗಳೂ ಅದೇ ನೀರಿನಲ್ಲಿದ್ದುವು. ಆ ಚಂಡಮಾರುತದಿಂದ ದೇಶದಲ್ಲಿ ಸತ್ತವರು ಎಂಬತ್ತಕ್ಕೂ ಹೆಚ್ಚು ಮಂದಿ. ಇಷ್ಟು ದುಃಖದ ನಡುವೆ ಗಾಡಿಗಳ ಮಾತು ಸಣ್ಣದೆಂದು ತೋರಬಹುದು. ಆದರೆ ನೊಂದ ಸೀಮೆಗೆ ಆಳುಕಾಳು, ವೈದ್ಯರು, ಬಂಧುಗಳು ಬಂದು ಸೇರಬೇಕಾದರೆ ದಾರಿ ಬೇಕು. ದಾರಿಯಲ್ಲಿ ಓಡುವ ಗಾಡಿಯೂ ಬೇಕು.

ಹತ್ತು ಗಾಡಿಗಳೆಂದರೆ 120 ಡಬ್ಬಿಗಳು. ಒಟ್ಟು ಗಾಡಿಗಳಲ್ಲಿ ಮೂರರಲ್ಲಿ ಒಂದು ಪಾಲು. ಲೆಕ್ಕದ ಪುಸ್ತಕದಲ್ಲಿ ಅವುಗಳಿಗೆ ಉಳಿದಿದ್ದ ಬೆಲೆಯೇ ಸುಮಾರು 1,480 ಕೋಟಿ ಯೆನ್.

ತೊಳೆದು ಒಣಗಿಸಿದರೆ ಸಾಲದೆ?

ನೀರಿನಲ್ಲಿ ನೆನೆದುದನ್ನು ಒಣಗಿಸಿ ಮತ್ತೆ ಬಳಸಬಾರದೆ ಎಂದು ಯಾರಾದರೂ ಕೇಳಬಹುದು. ಹಿಂದಿನ ಕಾಲದ ಉಗಿಬಂಡಿಯ ಡಬ್ಬಿಯಾಗಿದ್ದರೆ ಅದು ಆಗುತ್ತಿತ್ತೇನೋ. ಅದರಲ್ಲಿ ಇದ್ದುದು ಮರ, ಕಬ್ಬಿಣ, ಗಾಲಿ; ಎಳೆಯುವ ಶಕ್ತಿಯೆಲ್ಲ ಮುಂದಿನ ಎಂಜಿನ್ನಿನಲ್ಲಿ. ಶಿಂಕನ್ಸೆನ್ ಗಾಡಿಗೆ ಬೇರೆ ಎಂಜಿನ್ ಇಲ್ಲ. ಅದರ ಶಕ್ತಿಯು ಡಬ್ಬಿಗಳ ಕೆಳಗೇ ಹಂಚಿಕೊಂಡಿರುತ್ತದೆ. ಮೋಟಾರುಗಳು, ವಿದ್ಯುತ್ತಿನ ಒತ್ತಡವನ್ನು ಇಳಿಸುವ ಯಂತ್ರಗಳು, ಬಿರಿಯನ್ನು ನಡೆಸುವ ಉಪಕರಣಗಳು, ಲೆಕ್ಕವಿಲ್ಲದಷ್ಟು ತಂತಿಗಳು ಎಲ್ಲವೂ ನೆಲಗಟ್ಟಿನ ಅಡಿಯಲ್ಲಿವೆ. ಪ್ರವಾಹವು ಮೊದಲು ಹೊಕ್ಕುದೂ ಅಲ್ಲಿಗೇ. ಹಸುಗೂಸಿಗಿಂತ ನಾಜೂಕಾದ ಆ ಸಾಮಗ್ರಿಯೊಳಕ್ಕೆ ಕೆಸರು ಸೇರಿದ ಮೇಲೆ, ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಒಂಬೈನೂರು ಜೀವಗಳನ್ನು ಹೊತ್ತು ಓಡುವಾಗ ಅದು ಎಂದು ಕೈಕೊಡುವುದೆಂದು ಹೇಳಬಲ್ಲವರು ಯಾರು? ಕಂಪೆನಿಗಳು ಬಹಳ ಕಾಲ ತಡೆಯಲಿಲ್ಲ. ನವೆಂಬರ್ ತಿಂಗಳ ಮೊದಲ ವಾರದಲ್ಲಿಯೇ, ಹತ್ತು ಗಾಡಿಗಳನ್ನೂ ಒಡೆದು ಹಾಕುವುದೆಂಬ ನಿರ್ಧಾರವು ಪ್ರಕಟವಾಯಿತು. ಅವುಗಳಲ್ಲಿ ಅತಿ ಹಳೆಯದಕ್ಕೂ ಆರೇಳು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರಲಿಲ್ಲ.

ಬೇರೆ ಕಡೆಯ ಗಾಡಿ ಏಕೆ ಒಗ್ಗುವುದಿಲ್ಲ?

ಈಗ ಕೊಪ್ಪರಿಗೆಯ ಪ್ರಶ್ನೆಗೆ ಬರೋಣ. ಜಪಾನಿನಲ್ಲಿ ರೈಲುಗಾಡಿಗಳಿಗೆ ಬಡತನವಿಲ್ಲ. ಹಾಗಿದ್ದರೂ ಹೊಕುರಿಕು ಹಾದಿಗೆ ಒಗ್ಗುವ ಗಾಡಿಯನ್ನು ಹುಡುಕುವುದು ಸುಲಭವಾಗಿರಲಿಲ್ಲ. ಇದಕ್ಕೆ ಕಾರಣಗಳು ನಾಲ್ಕು.

ಮೊದಲನೆಯದು ಹಳಿಗಳ ಅಗಲ. ಜಪಾನಿನ ಹಳೆಯ ರೈಲುಹಾದಿಗಳಲ್ಲಿ ಬಹುಪಾಲು 1,067 ಮಿಲಿಮೀಟರ್ ಅಗಲದವು. ಶಿಂಕನ್ಸೆನ್ ಹಾದಿಯು 1,435 ಮಿಲಿಮೀಟರ್ ಅಗಲದ್ದು. ಒಂದರ ಡಬ್ಬಿ ಇನ್ನೊಂದರ ಮೇಲೆ ನಿಲ್ಲಲೂ ಆರದು. ಮೀಟರ್ ಗೇಜು, ಬ್ರಾಡ್ ಗೇಜು ಎರಡೂ ನಮ್ಮ ನಾಡಿನಲ್ಲಿ ಇದ್ದ ಕಾಲವನ್ನು ಕಂಡು, ಮೂಟೆಗಂಟುಗಳೊಡನೆ ಒಂದು ಗಾಡಿಯಿಂದಿಳಿದು ಇನ್ನೊಂದನ್ನು ಹತ್ತಿದ ಹಿರಿಯರಿಗೆ ಈ ತೊಡಕನ್ನು ವಿವರಿಸಬೇಕಾದುದಿಲ್ಲ.

ಎರಡನೆಯದು ವಿದ್ಯುತ್ತು. ಜಪಾನಿನ ಪೂರ್ವಾರ್ಧದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪಶ್ಚಿಮಾರ್ಧದಲ್ಲಿ 60 ಸಲ. ಹೊಕುರಿಕು ಹಾದಿಯು ಈ ಎರಡು ಸೀಮೆಗಳ ಗಡಿಯನ್ನು ಒಂದು ಸಲವಲ್ಲ, ಮೂರು ಸಲ ದಾಟುತ್ತದೆ. ಒಂದೇ ಬಗೆಯ ವಿದ್ಯುತ್ತಿಗೆ ಮಾಡಿದ ಗಾಡಿಯು ಗಡಿಯ ಬಳಿ ನಿಂತುಬಿಡಬೇಕಾಗುತ್ತದೆ. ಎರಡನ್ನೂ ಉಣ್ಣಬಲ್ಲ ಗಾಡಿಯೇ ಬೇಕು.

ಮೂರನೆಯದು ಏರುದಾರಿ. ತಕಾಸಾಕಿಯಿಂದ ಕರುಯಿಜಾವಾ ಎಂಬ ಗಿರಿಧಾಮದವರೆಗೆ ಉಸುಯಿ ಕಣಿವೆಯ ಬಳಿ ಹಾದಿಯು ಸಾವಿರ ಅಡಿಗೆ ಮೂವತ್ತು ಅಡಿಯಂತೆ ಮೈಲಿಗಟ್ಟಲೆ ಏರುತ್ತ ಹೋಗುತ್ತದೆ. ಹಳೆಯ ಹಾದಿಯು ಇದಕ್ಕೂ ಎರಡರಷ್ಟು ಕಡಿದಾಗಿದ್ದು, 1997ರಲ್ಲಿ ಮುಚ್ಚುವವರೆಗೂ ಅಲ್ಲಿ ಪ್ರತಿಯೊಂದು ಗಾಡಿಗೂ ಸಹಾಯಕ ಎಂಜಿನ್ನುಗಳನ್ನು ಕಟ್ಟಬೇಕಾಗಿತ್ತು. ಹೊಸ ಹಾದಿಯನ್ನು ಹತ್ತಲು ಮಾತ್ರವಲ್ಲ, ಹಿಡಿತ ತಪ್ಪದಂತೆ ಇಳಿಯಲೂ ಗಾಡಿಗೆ ವಿಶೇಷವಾದ ಬಲ ಬೇಕು.

ನಾಲ್ಕನೆಯದು ಹಿಮ. ಬೆಟ್ಟದಾಚೆಯ ಸೀಮೆಯಲ್ಲಿ ಓಡುವ ಗಾಡಿಯ ಮೂತಿಯೂ ಅಡಿಭಾಗವೂ ಹಿಮವನ್ನು ತಳ್ಳಿ ತಡೆದುಕೊಳ್ಳುವಂತೆ ಇರಬೇಕು.

ಈ ನಾಲ್ಕು ಪರೀಕ್ಷೆಗಳಲ್ಲಿಯೂ ಸಾಲಾಗಿ ತೇರ್ಗಡೆಯಾಗಿ ಕನಾಜಾವಾದವರೆಗೆ ಓಡಬಲ್ಲ ಗಾಡಿ ಒಂದೇ ಒಂದು ಜಾತಿಯದು: ಮುಳುಗಿದ ಆ ಇ-7 ಮಾದರಿಯದೇ.

ಉಳಿದುದರಲ್ಲಿ ಸಂಸಾರ

ಮೊದಲ ದಿನಗಳಲ್ಲಿ ಗಾಡಿಗಳು ಟೋಕಿಯೋದಿಂದ ನಾಗಾನೊವರೆಗೆ ಒಂದು ತುಂಡಾಗಿಯೂ, ಆಚೆಯ ಜೊಯೆತ್ಸುಮ್ಯೋಕೊದಿಂದ ಕನಾಜಾವಾದವರೆಗೆ ಇನ್ನೊಂದು ತುಂಡಾಗಿಯೂ ಓಡಿದುವು. ನಡುವಣ ಹಾದಿಯ ಹಳಿಗಳು ಎತ್ತರದಲ್ಲಿದ್ದು ಹೆಚ್ಚಿನ ಕೇಡಿಲ್ಲದೆ ಉಳಿದಿದ್ದರೂ, ಸಂಕೇತಗಳಿಗೆ ವಿದ್ಯುತ್ತನ್ನು ಒದಗಿಸುವ ಸಲಕರಣೆಯು ಡಿಪೋದಲ್ಲಿ ನೀರು ಪಾಲಾಗಿತ್ತು. ಆಗ ಕನಾಜಾವಾಕ್ಕೆ ಹೋಗಬೇಕಾದವರು ತೊಕಾಯಿದೊ ಹಾದಿಯಲ್ಲಿ ದಕ್ಷಿಣಕ್ಕೆ ಸುತ್ತಿ, ಮಾಯಿಬಾರಾದಲ್ಲಿ ಗಾಡಿ ಬದಲಿಸಿ ಹೋದರು; ಕೆಲವರು ವಿಮಾನದಲ್ಲಿ ಹೋದರು. ವಿಮಾನ ಕಂಪೆನಿಗಳೂ ಹೆಚ್ಚಿನ ಸಂಚಾರವನ್ನು ಏರ್ಪಡಿಸಿ ನೆರವಾದುವು.

ಅಕ್ಟೋಬರ್ 25ರಂದು, ಅಂದರೆ ಏರಿಯೊಡೆದ ಹನ್ನೆರಡನೆಯ ದಿನ, ನೇರ ಸಂಚಾರವು ಮತ್ತೆ ಮೊದಲಾಯಿತು. ಮೂರರಲ್ಲಿ ಒಂದು ಪಾಲು ಗಾಡಿಗಳು ಇಲ್ಲದಿದ್ದರೂ ಟೋಕಿಯೋ ಮತ್ತು ಕನಾಜಾವಾ ನಡುವೆ ಸುಮಾರು ನೂರಕ್ಕೆ ತೊಂಬತ್ತರಷ್ಟು ಸಂಚಾರಗಳು ನಡೆದುವು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಮನೆ ನಡೆಸುವವರು ಗಮನಿಸಬೇಕು. ಯಾವ ರೈಲ್ವೆಯೂ ತನ್ನ ಗಾಡಿಗಳನ್ನೆಲ್ಲ ದಿನವೂ ಓಡಿಸುವುದಿಲ್ಲ. ಕೆಲವು ಪರೀಕ್ಷೆಯಲ್ಲಿರುತ್ತವೆ, ಕೆಲವು ಹಬ್ಬಹರಿದಿನಗಳ ನೂಕುನುಗ್ಗಲಿಗೆಂದು ಮೀಸಲಾಗಿರುತ್ತವೆ. ಆಪತ್ಕಾಲದಲ್ಲಿ ಮೀಸಲನ್ನು ಹೊರಗೆ ತೆಗೆದರು. ಹೆಚ್ಚಿನ ಸಂಚಾರಗಳನ್ನು ನಿಲ್ಲಿಸಿದರು. ನಾಗಾನೊವರೆಗೆ ಮಾತ್ರ ಹೋಗುವ ಗಾಡಿಗಳಲ್ಲಿ ಕಡಿತ ಮಾಡಿ, ದೂರದವರಿಗೆ ಮೊದಲ ಪಂಕ್ತಿ ಹಾಕಿದರು. ವೇಳಾಪಟ್ಟಿಯನ್ನು ಹೊಸದಾಗಿ ಬರೆದು, ಉಳಿದ ಪ್ರತಿಯೊಂದು ಗಾಡಿಯಿಂದಲೂ ಹೆಚ್ಚು ಕೆಲಸ ತೆಗೆದರು. ಆದರೆ ಹೀಗೆ ಬಹಳ ಕಾಲ ನಡೆಯದು. ಪರೀಕ್ಷೆಯ ಸರದಿಯನ್ನು ತಪ್ಪಿಸಿ ಓಡಿಸಿದರೆ ಗಾಡಿಯೂ ಸವೆಯುತ್ತದೆ, ಅಪಾಯವೂ ಸೇರುತ್ತದೆ.

ನೀಗಾತಾದವರ ಪಾಲು

ಇಲ್ಲಿ ನೆರೆಮನೆಯವರ ಪ್ರವೇಶವಾಗುತ್ತದೆ. ಟೋಕಿಯೋದಿಂದ ಉತ್ತರಕ್ಕೆ ನೀಗಾತಾ ಎಂಬ ಪಟ್ಟಣಕ್ಕೆ ಹೋಗುವ ಜೊಯೆತ್ಸು ಶಿಂಕನ್ಸೆನ್ ಎಂಬ ಹಾದಿಯು 1982ರಿಂದ ಇದೆ. ಅದು ಪೂರ್ವ ಜಪಾನ್ ಕಂಪೆನಿಯದೇ. ಅಲ್ಲಿ ಓಡುತ್ತಿದ್ದುದು ಇ-4 ಎಂಬ ಎರಡಂತಸ್ತಿನ ಗಾಡಿ. ಅಂತಹ ಎರಡನ್ನು ಜೋಡಿಸಿದರೆ ಹದಿನಾರು ಡಬ್ಬಿಗಳಲ್ಲಿ 1,634 ಮಂದಿ ಕುಳಿತುಕೊಳ್ಳಬಹುದಾಗಿತ್ತು. ಶೀಘ್ರಗಾಮಿ ಗಾಡಿಗಳಲ್ಲಿ ಅಷ್ಟು ಮಂದಿಗೆ ಆಸನ ಕೊಟ್ಟದ್ದು ಲೋಕದಲ್ಲಿ ಬೇರೊಂದಿರಲಿಲ್ಲ. ಆದರೆ ಅದು 1997ರಲ್ಲಿ ಬಂದುದು, ವಯಸ್ಸಾಗಿತ್ತು, ವೇಗವು 240 ಕಿಲೋಮೀಟರಿಗೆ ಮೀರುತ್ತಿರಲಿಲ್ಲ. ಆದುದರಿಂದ ಜೊಯೆತ್ಸು ಹಾದಿಗೆ ಹನ್ನೊಂದು ಹೊಸ ಇ-7 ಗಾಡಿಗಳನ್ನು ಕೊಟ್ಟು, 2021ರ ಮಾರ್ಚ್ ಹೊತ್ತಿಗೆ ಇ-4ಕ್ಕೆ ವಿಶ್ರಾಂತಿ ಕೊಡುವುದೆಂದು ಕಂಪೆನಿಯು ಗೊತ್ತುಮಾಡಿತ್ತು. 2019ರ ಮಾರ್ಚ್‌ನಲ್ಲಿ ಹೊಸ ಗಾಡಿಗಳು ನೀಗಾತಾದ ಕಡೆಗೆ ಓಡಲಾರಂಭಿಸಿದ್ದುವು.

ಪ್ರವಾಹವು ಬಂದುದು ಈ ಬದಲಾವಣೆಯ ನಡುಹೊತ್ತಿನಲ್ಲಿ. ಕಂಪೆನಿಯು ಜೊಯೆತ್ಸುವಿಗೆಂದು ಕಟ್ಟಿದ್ದ ಹೊಸ ಗಾಡಿಗಳನ್ನೂ, ಕಾರ್ಖಾನೆಯಿಂದ ಹೊರಬೀಳುತ್ತಿದ್ದವುಗಳನ್ನೂ ಹೊಕುರಿಕುವಿಗೆ ತಿರುಗಿಸಿತು. ನವೆಂಬರ್ 30ರಿಂದ ಟೋಕಿಯೋ ಮತ್ತು ಕನಾಜಾವಾ ನಡುವಣ ನಿತ್ಯದ ನೇರ ಗಾಡಿಗಳೆಲ್ಲವೂ ಮೊದಲಿನಂತೆ ಓಡಿದುವು. ದುರಂತವಾದ ಏಳು ವಾರಗಳಲ್ಲಿ ಇದು ನಡೆಯಿತು.

ಇದರ ಬೆಲೆಯನ್ನು ತೆತ್ತವರು ಯಾರು? ನೀಗಾತಾ ಹಾದಿಯ ಪ್ರಯಾಣಿಕರು. ಕೈಗೆ ಬಂದ ಹೊಸ ಗಾಡಿಯು ದೂರ ಹೋಯಿತು. ನಿವೃತ್ತಿಯ ದಿನವನ್ನೆಣಿಸುತ್ತಿದ್ದ ಮುದಿ ಇ-4ಕ್ಕೆ ಮತ್ತೆ ನೊಗ ಹೂಡಿದರು. ಅದರ ನಿತ್ಯ ಸಂಚಾರವು ನಿಂತುದು 2021ರ ಅಕ್ಟೋಬರ್ 1ರಂದು. ಗೊತ್ತಾದ ಅವಧಿಗಿಂತ ಅರ್ಧ ವರ್ಷ ಹೆಚ್ಚಾಗಿಯೇ ಅದು ದುಡಿಯಿತು. ಜೊಯೆತ್ಸು ಹಾದಿಯ ಗಾಡಿಗಳೆಲ್ಲವೂ ಇ-7 ಆಗಿ, ವೇಗವು 275 ಕಿಲೋಮೀಟರಿಗೆ ಏರಿದುದು 2023ರ ಮಾರ್ಚ್‌ನಲ್ಲಿ. ಹಿರಿಯ ಮಗಳ ಮದುವೆಗೆ ಮಾಡಿಸಿದ ಒಡವೆಯನ್ನು ಆಪತ್ತಿನಲ್ಲಿದ್ದ ನಾದಿನಿಯ ಮನೆಗೆ ಕೊಟ್ಟು, ಮಗಳು ಒಂದಿಷ್ಟು ದಿನ ಹಳೆಯ ಸರವನ್ನೇ ಹಾಕಿಕೊಂಡಂತೆ ಇದು. ಕೊಡುವುದು ದೊಡ್ಡದು, ಕೊಟ್ಟುದಕ್ಕಾಗಿ ಕಾಯುವುದೂ ಸಣ್ಣದಲ್ಲ.

ಇಂಗ್ಲೆಂಡಿನಲ್ಲಿ ಬೇರೆ ಪರಿ

ಎಲ್ಲ ಕೇಡುಗಳೂ ಒಂದೇ ತೆರನಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನವನ್ನು ಹೇಳಬಹುದು. 2021ನೆಯ ಮೇ 8ರ ಬೆಳಗ್ಗೆ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯವರೂ ಬೇರೆ ಕೆಲವು ಕಂಪೆನಿಯವರೂ ತಮ್ಮ ಹಿಟಾಚಿ ಗಾಡಿಗಳನ್ನು ಥಟ್ಟನೆ ನಿಲ್ಲಿಸಿದರು. ಡಬ್ಬಿಗಳನ್ನು ಎತ್ತಲು ಜಾಕಿ ಕೊಡುವ ಭಾಗದ ಅಲ್ಯೂಮಿನಿಯಮ್ಮಿನಲ್ಲಿ ಬಿರುಕುಗಳು ಕಂಡುಬಂದಿದ್ದುವು. ಗ್ರೇಟ್ ವೆಸ್ಟರ್ನ್ ಕಂಪೆನಿಯ ದೂರದೂರಿನ ಗಾಡಿಗಳೆಲ್ಲ ಹೆಚ್ಚುಕಡಮೆ ಇದೇ ಜಾತಿಯವು. ಆಗ ಅವರು ಲಂಡನ್ ಸುತ್ತಲಿನ ಸಮೀಪದ ಊರುಗಳಿಗೆ ಓಡುತ್ತಿದ್ದ ವಿದ್ಯುತ್ ಗಾಡಿಗಳನ್ನು ಪಶ್ಚಿಮಕ್ಕೆ ಬ್ರಿಸ್ಟಲ್ ಪಾರ್ಕ್‌ವೇ ಕಡೆಗೆ ಕಳುಹಿಸಿದರು. ಆದರೆ ಮೇಲುತಂತಿ ಎಲ್ಲಿ ಮುಗಿಯುವುದೋ ಅಲ್ಲಿಗೆ ಆ ಗಾಡಿಯ ಸೇವೆಯೂ ಮುಗಿಯಿತು. ಅಷ್ಟೇ ಅಲ್ಲ, ಒಂದು ಮಾದರಿಯನ್ನು ಓಡಿಸಿ ಬಲ್ಲ ಚಾಲಕನು ಕಲಿಯದೆ ಇನ್ನೊಂದನ್ನು ಓಡಿಸುವಂತಿಲ್ಲ, ದಾರಿಯ ತಿರುವು, ಇಳಿಜಾರು, ಸಂಕೇತಗಳನ್ನು ಬಲ್ಲವನೇ ಆ ದಾರಿಯಲ್ಲಿ ಗಾಡಿ ನಡೆಸಬೇಕು. ಗಾಡಿ ದೊರೆತರೂ ಕೈ ದೊರೆಯಬೇಕು.

ಕೊನೆಗೆ ಅಲ್ಲಿ ನೆರವಾದುದು ಎರವಲಿಗಿಂತ ಹೆಚ್ಚಾಗಿ ವಿವೇಕ. ಬಿರುಕುಗಳಿಂದ ಕೂಡಲೇ ಅಪಾಯವಿಲ್ಲವೆಂದು ಪರಿಣತರು ಕಂಡುಕೊಂಡ ಮೇಲೆ, ಪ್ರತಿಯೊಂದು ಗಾಡಿಯನ್ನೂ ಹೊರಡುವ ಮೊದಲು ಪರೀಕ್ಷಿಸಿ, ಗೊತ್ತಾದ ಮೇರೆಗೆ ಒಳಪಟ್ಟವುಗಳನ್ನು ಮಾತ್ರ ಕೆಲವೇ ದಿನಗಳಲ್ಲಿ ಓಡಿಸತೊಡಗಿದರು. ಬಿರುಕಿನ ಗಾಡಿಯನ್ನು ಕಾವಲಿಟ್ಟು ಓಡಿಸಬಹುದು. ಮುಳುಗಿದ ಗಾಡಿಯನ್ನು ಹಾಗೆ ಓಡಿಸಲಾಗದು. ಕೇಡಿನ ಸ್ವರೂಪವನ್ನು ಅರಿತು ಉಪಾಯವನ್ನು ಆರಿಸುವುದೇ ಜಾಣತನ.

ಕೈಯಲ್ಲಿದ್ದ ನಕ್ಷೆ

ನಾಗಾನೊದ ಸಂಗತಿಯಲ್ಲಿ ಮನಸ್ಸನ್ನು ಚುಚ್ಚುವ ಒಂದು ಅಂಶವಿದೆ. ಆ ಡಿಪೋವನ್ನು ಕಟ್ಟಿದವರು ಅಜಾಗರೂಕರಾಗಿರಲಿಲ್ಲ. ಹಿಂದೆ ಬಂದ ಪ್ರವಾಹದ ಮಟ್ಟವನ್ನು ವಿಚಾರಿಸಿ, ಮಣ್ಣು ತುಂಬಿಸಿ, ನೆಲವನ್ನು ಎತ್ತರಿಸಿಯೇ ಕಟ್ಟಿದ್ದರು. ಆದರೆ ಮುಂದೆ ನಗರಸಭೆಯವರು ಸಿದ್ಧಪಡಿಸಿದ ಅಪಾಯದ ನಕ್ಷೆಯಲ್ಲಿ, ಅತಿವೃಷ್ಟಿಯಾದರೆ ಆ ಸ್ಥಳದಲ್ಲಿ ಹತ್ತು ಮೀಟರಿಗೂ ಮೀರಿ ನೀರು ನಿಲ್ಲಬಹುದೆಂದು ತೋರಿಸಿತ್ತು. ಗಾಡಿಗಳನ್ನು ಎತ್ತರವಾದ ಹಾದಿಯ ಮೇಲಕ್ಕೆ ಕೊಂಡೊಯ್ದು ನಿಲ್ಲಿಸಿದ್ದರೆ ಅವು ಉಳಿಯುತ್ತಿದ್ದುವು. ನಕ್ಷೆಯಿತ್ತು, ಹಾದಿಯಿತ್ತು, ಯಾವಾಗ, ಯಾರ ಮಾತಿನ ಮೇಲೆ ಗಾಡಿಗಳನ್ನು ಕದಲಿಸಬೇಕೆಂಬ ಕಟ್ಟಳೆ ಮಾತ್ರ ಇರಲಿಲ್ಲ. ಪ್ರಯಾಣಿಕರ ರಕ್ಷಣೆಗೆ ಗಾಡಿ ನಿಲ್ಲಿಸುವ ಕಟ್ಟಳೆಯನ್ನು ಅಚ್ಚುಕಟ್ಟಾಗಿ ನಡೆಸಿದವರು ನಿಂತ ಗಾಡಿಯ ರಕ್ಷಣೆಗೆ ಕಟ್ಟಳೆಯನ್ನು ಬರೆದಿರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಿದರೆಂಬ ಗಾದೆಯನ್ನು ಹೇಳಿ ನಕ್ಕುಬಿಡುವುದು ಸುಲಭ. ಆದರೆ ಅವರು ಬಾಗಿಲನ್ನು ನಿಜವಾಗಿಯೂ ಹಾಕಿದರೆಂಬುದನ್ನು ಹೇಳದಿರುವುದು ಅನ್ಯಾಯ. ಮಳೆಯ ಮುನ್ಸೂಚನೆಯನ್ನೂ ನದಿಯ ಮಟ್ಟವನ್ನೂ ನೋಡಿ, ಇಂತಿಷ್ಟಾದಾಗ ಗಾಡಿಗಳನ್ನು ಎತ್ತರಕ್ಕೆ ಸಾಗಿಸಬೇಕೆಂಬ ನಿಯಮವನ್ನು ಆಮೇಲೆ ರೈಲ್ವೆಯವರು ಮಾಡಿಕೊಂಡರು. ಸಿಬ್ಬಂದಿಗೆ ಅದರ ಅಭ್ಯಾಸವನ್ನೂ ಮಾಡಿಸಿದರು. ಹೊಕುರಿಕು ಹಾದಿಯು 2024ನೆಯ ಮಾರ್ಚ್ 16ರಂದು ಕನಾಜಾವಾದಿಂದ ಮುಂದಕ್ಕೆ ತ್ಸುರುಗಾ ಎಂಬ ಊರಿಗೂ ಬೆಳೆಯಿತು.

ಗೃಹಸ್ಥರಿಗೆ ಈ ವೃತ್ತಾಂತದಿಂದ ತಿಳಿಯತಕ್ಕುದು ಮೂರು ಮಾತು. ಮನೆಯಲ್ಲಿ ಇರುವುದನ್ನೆಲ್ಲ ದಿನದ ಬಳಕೆಗೇ ಹಚ್ಚಿಬಿಡದೆ ಒಂದಿಷ್ಟನ್ನು ಮೀಸಲಿಡಬೇಕು. ಹೊಕುರಿಕು ಹಾದಿಯನ್ನು ಹನ್ನೆರಡು ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದುದರಲ್ಲಿ ಆ ಮೀಸಲಿನ ಪಾಲು ದೊಡ್ಡದು. ನೆರೆಯವರ ವಸ್ತು ನಮಗೂ, ನಮ್ಮದು ಅವರಿಗೂ ಒದಗುವಂತೆ ಬಾಳಬೇಕು. ಎರಡು ಹಾದಿಗಳಿಗೂ ಒಂದೇ ಮಾದರಿಯ ಗಾಡಿಯನ್ನು ಮಾಡಿಸಿದುದರಿಂದಲೇ ನೀಗಾತಾದ ಗಾಡಿಯು ಕನಾಜಾವಾಕ್ಕೆ ಒದಗಿತು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಅಪಾಯವನ್ನು ತಿಳಿದಿದ್ದರೆ ಸಾಲದು, ಅದು ಬಂದಾಗ ಯಾರು ಏಳಬೇಕು, ಏನನ್ನು ಎತ್ತಿಕೊಳ್ಳಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಬಿಸಿಲಿರುವಾಗಲೇ ಮನೆಮಂದಿ ಕೂಡಿ ಗೊತ್ತುಮಾಡಿಕೊಂಡಿರಬೇಕು. ಹೊಳೆಯ ದಡದಲ್ಲಿಯೋ ಕೆರೆಯ ಕೆಳಗಿನ ಬಯಲಿನಲ್ಲಿಯೋ ವಾಸವಾಗಿರುವ ನಮ್ಮ ವಾಚಕರು ಈ ಮಳೆಗಾಲಕ್ಕೆ ಮೊದಲೇ ಒಂದು ಸಂಜೆಯನ್ನು ಈ ಮಾತಿಗೆ ಮೀಸಲಿಟ್ಟರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.